ಹೌಸಾ ಹೊಗಳಿಕೆಯ ಹಾಡುಗಳಲ್ಲಿ ಪ್ರಾಣಿಗಳನ್ನು ಗುರುತಿಸಿ ಓದುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪಶ್ಚಿಮ ಆಫ್ರಿಕಾದ ಹೌಸಾ ಜನರ ಹಾಡುಗಾರನೊಬ್ಬ ತನ್ನ ದೊರೆಯನ್ನು ‘ಗಂಡಾನೆ’ ಎಂದು ಕೂಗಿದಾಗ, ದೊರೆ ಬಲಶಾಲಿ ಎಂದಷ್ಟೇ ತಿಳಿದು ಮುಂದೆ ಹೋದರೆ ಹಾಡಿನ ಮುಕ್ಕಾಲು ಪಾಲು ಕೈತಪ್ಪುತ್ತದೆ. ಆ ಆನೆ ಯಾವ ಪೊದೆಯನ್ನು ತುಳಿಯುತ್ತಿದೆ, ಯಾರ ದಾರಿಗೆ ಎದುರಾಗಿದೆ, ಆ ಕೂಗನ್ನು ಕೇಳಿ ಸಭೆಯಲ್ಲಿ ಯಾರ ಮುಖ ಸಣ್ಣದಾಯಿತು ಎಂಬುದೆಲ್ಲ ಹಾಡಿನೊಳಗೇ ಅಡಗಿರುತ್ತದೆ. ಈ ಹಾಡುಗಳಲ್ಲಿ ಪ್ರಾಣಿ ಒಂಟಿಯಾಗಿ ಬರುವುದು ಅಪರೂಪ. ಒಂದು ಪ್ರಾಣಿ ಕಂಡರೆ ಅದರ ಎದುರಿಗೆ ಇನ್ನೊಂದು ನಿಂತಿರುತ್ತದೆ, ಎಷ್ಟೋ ಸಲ ಹೆಸರಿಲ್ಲದೆ. ಆ ಎರಡನೆಯ ಪ್ರಾಣಿಯನ್ನು ಕಂಡುಹಿಡಿಯುವುದನ್ನು ಕಲಿತರೆ ಹಾಡು ತಾನಾಗಿ ಬಿಚ್ಚಿಕೊಳ್ಳುತ್ತದೆ. ಈ ಬರಹ ಅದಕ್ಕೆ ದಾರಿ ತೋರಿಸುತ್ತದೆ.

ಹೌಸಾ ನಾಡು ಎಂದರೆ ಇಂದಿನ ಉತ್ತರ ನೈಜೀರಿಯಾ ಮತ್ತು ಅದಕ್ಕೆ ತಗುಲಿದ ದಕ್ಷಿಣ ನೈಜರ್. ಕಾನೊ, ಕಾಟ್ಸಿನಾ, ದೌರಾ, ಝಾರಿಯಾ, ಸೊಕೊಟೊ, ಗೋಬಿರ್ ಮೊದಲಾದವು ಇಲ್ಲಿನ ಹಳೆಯ ರಾಜ್ಯಗಳು, ಪಟ್ಟಣಗಳು. 1804ರಲ್ಲಿ ಉಸ್ಮಾನ್ ಡನ್ ಫೋದಿಯೊ ಆರಂಭಿಸಿದ ಧಾರ್ಮಿಕ ಹೋರಾಟದಿಂದ ಹಳೆಯ ಅರಸು ಮನೆತನಗಳು ಬಹುಪಾಲು ಉರುಳಿ, ಸೊಕೊಟೊದ ಸುಲ್ತಾನನ ಕೆಳಗೆ ಅಮೀರರ ಆಳ್ವಿಕೆ ಬಂದಿತು. ಸುಧಾರಕರಿಗೆ ಡೋಲು, ಹೊಗಳಿಕೆ ಹಿಡಿಸುತ್ತಿರಲಿಲ್ಲ. ಆದರೂ ಅರಮನೆಯ ಬಾಗಿಲಿನಿಂದ ಹಾಡುಗಾರರು ಕದಲಲಿಲ್ಲ. ಹೊಸ ಅಮೀರರಿಗೂ ಹಳೆಯ ಆನೆ, ಹಳೆಯ ಸಿಂಹವೇ ಬೇಕಾದವು.

ಮೊದಲ ಹೆಜ್ಜೆ: ಕಿವಿಗೆ ಬೀಳುತ್ತಿರುವುದು ಯಾವ ಬಗೆ ಎಂದು ತಿಳಿಯಿರಿ

‘ಹೊಗಳಿಕೆಯ ಹಾಡು’ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಹೌಸಾದಲ್ಲಿ ಹಲವು ಬಗೆಯಾಗಿದೆ. ‘ಕಿರಾರಿ’ ಎಂದರೆ ಬಿರುದು. ಒಬ್ಬ ವ್ಯಕ್ತಿಗೆ, ಪಟ್ಟಣಕ್ಕೆ, ಕಸುಬಿಗೆ ಅಥವಾ ಪ್ರಾಣಿಗೆ ಅಂಟಿಕೊಂಡ ಅಡಕವಾದ ಮಾತು. ‘ತಾಕೆ’ ಎಂಬುದು ಒಬ್ಬ ಪೋಷಕನಿಗೇ, ಅಂದರೆ ಹಾಡಿಸಿಕೊಂಡು ಉಡುಗೊರೆ ಕೊಡುವವನಿಗೇ, ಮೀಸಲಾದ ಚಿಕ್ಕ ಲಯದ ನುಡಿ. ಅದನ್ನು ಬಾಯಿಯಲ್ಲಿ ಹೇಳದೆ ಡೋಲಿನಲ್ಲೇ ನುಡಿಸಬಹುದು. ‘ವಾಕಾ’ ಎಂದರೆ ಪೂರ್ಣ ಹಾಡು: ಮುಂದಾಳು ಸಾಲು ಹೇಳುತ್ತಾನೆ, ‘ಯನ್ ಅಮ್ಶಿ’ ಎಂಬ ಹಿಮ್ಮೇಳದವರು ಪಲ್ಲವಿಯನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ. ಇದರ ಮಗ್ಗುಲಲ್ಲೇ ‘ಜ಼ಾಂಬೊ’ ಇದೆ, ಬಹಿರಂಗವಾಗಿ ಹೀಗಳೆಯುವುದು. ‘ಹಬೈಚಿ’ ಎಂದರೆ ಹೆಸರೆತ್ತದೆ ಚುಚ್ಚುವುದು.

ಪ್ರಾಣಿಯ ಅರ್ಥ ಈ ಬಗೆಗಳೊಂದಿಗೆ ಬದಲಾಗುತ್ತದೆ. ಕಿರಾರಿಯಲ್ಲಿ ಅದು ಗಟ್ಟಿಯಾಗಿ ನೆಲೆ ನಿಂತ ಬಿರುದು. ವಾಕಾದಲ್ಲಿ ಅದೇ ಪ್ರಾಣಿ ನಡೆದಾಡುತ್ತದೆ, ಬೇಟೆಯಾಡುತ್ತದೆ, ಮರಿ ಹಾಕುತ್ತದೆ. ಜ಼ಾಂಬೊದಲ್ಲಿ ಪಾತ್ರಗಳೇ ತಿರುಗುಮುರುಗಾಗುತ್ತವೆ. ಆದ್ದರಿಂದ ಮೊದಲ ಸಲ ಕೇಳುವಾಗ ಪ್ರಾಣಿಗಳ ಗೊಡವೆಗೇ ಹೋಗಬೇಡಿ. ಮುಂದಾಳು ಎಲ್ಲಿ ನಿಲ್ಲಿಸಿದ, ಹಿಮ್ಮೇಳ ಯಾವ ಸಾಲನ್ನು ಹಿಡಿಯಿತು ಎಂಬುದನ್ನಷ್ಟೇ ಗಮನಿಸಿ. ಪಲ್ಲವಿಯಲ್ಲಿ ಬರುವ ಪ್ರಾಣಿ ಪೋಷಕನ ಶಾಶ್ವತ ಬಿರುದು. ನಡುವಿನ ಸಾಲುಗಳಲ್ಲಿ ಬಂದುಹೋಗುವ ಪ್ರಾಣಿಗಳು ಆ ದಿನದ ಸಂದರ್ಭಕ್ಕೆ ಸೇರಿದವು. ಈ ಎರಡನ್ನು ಕಲಸಿಕೊಂಡರೆ ಮುಂದಿನ ಹೆಜ್ಜೆಗಳೆಲ್ಲ ಎಡವುತ್ತವೆ.

ಕೂಗಿದ್ದೆಲ್ಲ ಹಾಡಲ್ಲ ಎಂಬುದೂ ನೆನಪಿರಲಿ. ಅಮೀರ ನಡೆದುಬರುವಾಗ ‘ದೋಗರೈ’ ಎಂಬ ಅಂಗರಕ್ಷಕರು ‘ತಕಾವರ್ಕಾ ಲಾಫಿಯಾ’, ಅಂದರೆ ಹೆಜ್ಜೆ ಸುಖವಾಗಿರಲಿ ಎಂದು ಕೂಗುತ್ತಾರೆ. ಅದು ಮರ್ಯಾದೆಯ ಘೋಷಣೆ, ನಮ್ಮ ಬಹುಪರಾಕಿನ ಬಗೆಯದು.

ಎರಡನೆಯ ಹೆಜ್ಜೆ: ನಿಮ್ಮೊಳಗಿನ ಆನೆಯನ್ನು ಬದಿಗಿಡಿ

ಕನ್ನಡ ಓದುಗರಿಗೆ ಈ ಹೆಜ್ಜೆ ಎಲ್ಲಕ್ಕಿಂತ ಮುಖ್ಯ. ಆನೆ ಎಂದೊಡನೆ ನಮ್ಮ ಕಣ್ಣ ಮುಂದೆ ಅಂಬಾರಿ ಬರುತ್ತದೆ, ಗಣಪತಿ ಬರುತ್ತಾನೆ, ಮಾವುತನ ಮಾತು ಕೇಳಿ ಮಂಡಿಯೂರುವ ಪಳಗಿದ ಪ್ರಾಣಿ ಬರುತ್ತದೆ. ಹೌಸಾ ಹಾಡಿನ ಆನೆಗೆ ಇದಾವುದೂ ಇಲ್ಲ. ಅಲ್ಲಿ ಆನೆಯನ್ನು ಯಾರೂ ಪಳಗಿಸಲಿಲ್ಲ, ಯಾರೂ ಅದರ ಬೆನ್ನೇರಿ ಮೆರವಣಿಗೆ ಹೋಗಲಿಲ್ಲ. ಅದು ಕಾಡಿನದು; ಬೇಟೆಗಾರನಿಗೆ ಸಾವಿನ ಭಯ, ರೈತನಿಗೆ ಬೆಳೆಯ ನಾಶ. ಅರಸನಿಗೆ ‘ಆನೆ’ ಎಂಬ ಬಿರುದು ಸಲ್ಲುವುದು, ಅವನು ಯಾರ ಹಿಡಿತಕ್ಕೂ ಸಿಗದವನು, ನಡೆದದ್ದೇ ದಾರಿಯಾಗುವವನು ಎಂಬ ಕಾರಣಕ್ಕೆ.

ಅರಸನನ್ನು ಹೊರುವ ಪ್ರಾಣಿ ಅಲ್ಲಿ ಕುದುರೆ. ಹೌಸಾ ರಾಜ್ಯಗಳ ಬಲವೇ ಅಶ್ವದಳವಾಗಿತ್ತು. ಅಶ್ವದಳದ ಮುಖ್ಯಸ್ಥನ ಹಳೆಯ ಪದವಿ ‘ಮದಾಕಿ’ ಇವತ್ತಿಗೂ ಅರಮನೆಗಳಲ್ಲಿ ಉಳಿದಿದೆ. ಈದ್ ಹಬ್ಬದ ದಿನಗಳಲ್ಲಿ ಕಾನೊದಲ್ಲಿ ನಡೆಯುವ ದರ್ಬಾರ್ ಮೆರವಣಿಗೆಯನ್ನು ಯುನೆಸ್ಕೊ 2024ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಚಿತ್ರಗಳನ್ನೋ ವಿಡಿಯೊಗಳನ್ನೋ ಒಮ್ಮೆ ನೋಡಿ. ಬಣ್ಣದ ಜೂಲು ಹೊದ್ದ ಕುದುರೆಗಳು ಅಮೀರನತ್ತ ನೇರವಾಗಿ ನುಗ್ಗಿಬಂದು, ಸವಾರರು ಸರಕ್ಕನೆ ಲಗಾಮು ಎಳೆದು ನಿಲ್ಲಿಸಿ ಮುಷ್ಟಿ ಎತ್ತಿ ವಂದಿಸುವುದನ್ನು ಕಂಡ ಮೇಲೆ ಹಾಡಿನ ಕುದುರೆಗೆ ಬೇರೆಯೇ ತೂಕ ಬರುತ್ತದೆ.

ಹಾಡಿನ ಕಾಡನ್ನು ಕಣ್ಣಿಗೆ ತಂದುಕೊಳ್ಳಲು ಬೌಚಿ ರಾಜ್ಯದ ಯಂಕಾರಿ ಅಭಯಾರಣ್ಯದ ಬಗ್ಗೆ ಓದಿಕೊಳ್ಳುವುದೂ ಒಳ್ಳೆಯದು. ನೈಜೀರಿಯಾದಲ್ಲಿ ಉಳಿದಿರುವ ಅತಿ ದೊಡ್ಡ ಆನೆ ಹಿಂಡು ಅಲ್ಲಿದೆ. ಕುರುಚಲು ಗಿಡ, ಒಣ ಹುಲ್ಲು, ಅಲ್ಲಲ್ಲಿ ದೊಡ್ಡ ಮರಗಳಿರುವ ಆ ಸವಾನ್ನವೇ ಹಾಡುಗಾರನ ‘ದಾಜಿ’, ಕಾಡು. ಮಲೆನಾಡಿನ ದಟ್ಟ ಕಾಡನ್ನು ಕಲ್ಪಿಸಿಕೊಂಡರೆ ಹಾಡಿನ ದೂರಗಳು, ಓಟಗಳು, ಅಟ್ಟಾಟಗಳು ಅರ್ಥವಾಗುವುದಿಲ್ಲ.

ಮೂರನೆಯ ಹೆಜ್ಜೆ: ಯಾರು, ಯಾರಿಗಾಗಿ ಹಾಡುತ್ತಿದ್ದಾರೆ?

ಹೊಗಳಿ ಹಾಡುವವನು ‘ಮರೋಕಿ’, ಹಲವರಾದರೆ ‘ಮರೋಕಾ’. ಇವರಲ್ಲಿ ಕೆಲವರು ಒಂದೇ ಅರಮನೆಗೆ ಕಟ್ಟುಬಿದ್ದವರು. ಇಬ್ರಾಹಿಂ ನರಂಬಡಾ ಈಸಾ ಪಟ್ಟಣದ ಗೋಬಿರ್ ಅರಸನಿಗೆ ಹಾಡಿದವರು. ಸಾಲಿಹು ಜಂಕಿಡಿ 1938ರಿಂದ 1988ರವರೆಗೆ ಆಳಿದ ಸೊಕೊಟೊ ಸುಲ್ತಾನ ಮೂರನೆಯ ಅಬೂಬಕರ್ ಅವರ ಹಾಡುಗಾರರು. ಇಂಥವರ ಹಾಡಿನಲ್ಲಿ ಪ್ರಾಣಿಗಳು ಕಡಿಮೆ, ಆದರೆ ಭಾರವಾದವು. ಒಂದೊಂದು ಬಿರುದಿನ ಹಿಂದೆಯೂ ವಂಶಾವಳಿ ಇರುತ್ತದೆ. ‘ಡನ್’ (ಮಗ), ‘ಜಿಕನ್’ (ಮೊಮ್ಮಗ) ಎಂಬ ಪದಗಳು ಕಿವಿಗೆ ಬಿದ್ದೊಡನೆ ಎಚ್ಚರಗೊಳ್ಳಿ. ಅವುಗಳ ಆಚೀಚೆಯಲ್ಲೇ ಪ್ರಾಣಿ ಇರುವ ಸಾಧ್ಯತೆ ಹೆಚ್ಚು.

ಇನ್ನು ಕೆಲವರು ಯಾರ ಅಂಕೆಗೂ ಸಿಗದ ಸ್ವತಂತ್ರರು. ಕಾಟ್ಸಿನಾ ಸೀಮೆಯ ಮುಸಾವಾದಲ್ಲಿ ಹುಟ್ಟಿ 1999ರಲ್ಲಿ ತೀರಿಕೊಂಡ ಮಮ್ಮನ್ ಶಾಟಾ ಇವರಲ್ಲಿ ಅಗ್ರಗಣ್ಯರು. ಅಮೀರರು, ವ್ಯಾಪಾರಿಗಳು, ರಾಜಕಾರಣಿಗಳು, ಸಾಮಾನ್ಯರು ಎಲ್ಲರೂ ಅವರ ಹಾಡಿಗೆ ವಸ್ತುವಾದರು. ಡನ್ ಮರಾಯಾ ಜೋಸ್ (1946–2015) ಒಂದೇ ತಂತಿಯ ‘ಕುಂತಿಗಿ’ ಹಿಡಿದು ದುಡಿಯುವ ಜನರ ಬಗ್ಗೆ ಹಾಡಿದರು. ಡನ್ ಅನಾಚೆ ಮುಷ್ಟಿಕಾಳಗದ ಶಾಗೊ ಎಂಬ ಜಟ್ಟಿಗೆ ಹಾಡಿದವರು.

ಹೊಸಬರು ಜಟ್ಟಿಗಳ ಹಾಡುಗಳಿಂದಲೇ ಆರಂಭಿಸಲಿ ಎಂಬುದು ನನ್ನ ಸಲಹೆ. ‘ದಾಂಬೆ’ ಎಂಬ ಈ ಕಾಳಗದಲ್ಲಿ ಒಂದು ಕೈಗೆ ಬಟ್ಟೆ, ಹುರಿ ಬಿಗಿದು ಅದನ್ನೇ ಈಟಿಯಂತೆ ಬಳಸುತ್ತಾರೆ, ಇನ್ನೊಂದು ಕೈ ಗುರಾಣಿ. ಇದು ಮೂಲದಲ್ಲಿ ಕಸಾಯಿಗಳ ಪಂಗಡದ ಆಟ. ಅದೇ ಪಂಗಡದ ಯುವಕರು ‘ಹವನ್ ಕಾಹೊ’ ಎಂಬ ಗೂಳಿ ಕಾಳಗಕ್ಕೂ ಇಳಿಯುತ್ತಿದ್ದರು. ಕಂಕುಳಲ್ಲಿ ಒತ್ತಿ ನುಡಿಸುವ ‘ಕಲಂಗು’ ಡೋಲು ಕೂಡ ಕಸಾಯಿಗಳದೇ. ಹೀಗಾಗಿ ಜಟ್ಟಿಯನ್ನು ‘ಬಿಜಿಮಿ’ (ಗೂಳಿ) ಎಂದು ಕರೆದರೆ ಅಲ್ಲಿ ಹೋಲಿಕೆಗಿಂತ ಹೆಚ್ಚಿನದಿದೆ. ಆ ಜನ ಕೊಂಬು ಹಿಡಿದು ಕೆಡವಿ, ಕೊಯ್ದು, ಹಂಚಿ, ಬದುಕು ಕಟ್ಟಿಕೊಂಡ ಪ್ರಾಣಿಯ ಹೆಸರು ಅದು. ಕಸುಬು ತಿಳಿಯದೆ ಪ್ರಾಣಿ ತಿಳಿಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಪ್ರಾಣಿಯ ಸ್ವಂತ ಬಿರುದನ್ನು ಹುಡುಕಿ

ಹೌಸಾ ಹೊಗಳಿಕೆಯ ಜಾಣ್ಮೆ ಇರುವುದು ಇಲ್ಲಿ. ಮನುಷ್ಯರಿಗೆ ಮಾತ್ರವಲ್ಲ, ಪ್ರಾಣಿಗಳಿಗೂ ಕಿರಾರಿ ಇದೆ. ಹಾಡುಗಾರ ಪ್ರಾಣಿಯ ಹೆಸರೊಂದನ್ನೇ ಹೇಳಿದರೂ ಅದರ ಬಿರುದು ಕೇಳುಗರ ಮನಸ್ಸಿನಲ್ಲಿ ತಾನಾಗಿ ಮುಂದುವರಿಯುತ್ತದೆ. ಪ್ರಾಣಿ ಎದುರಾದಾಗಲೆಲ್ಲ ‘ಇದರ ಬಿರುದೇನು?’ ಎಂದು ಕೇಳಿಕೊಳ್ಳುವುದು ಅಭ್ಯಾಸವಾಗಬೇಕು.

ಅತ್ಯುತ್ತಮ ಉದಾಹರಣೆ ಚಿರತೆ: ‘ದಾಮಿಸಾ ಕೀ-ಸಾಬೊ’. ಸಲಿಗೆಗೆ ಒಲ್ಲದ ಚಿರತೆ ಎಂದು ಅರ್ಥ. ಎಷ್ಟು ದಿನ ಜೊತೆಗಿದ್ದರೂ ಅದು ನಿಮಗೆ ಒಗ್ಗುವುದಿಲ್ಲ. ನಿನ್ನೆ ನಕ್ಕವನೆಂದು ಇಂದು ಹೆಗಲ ಮೇಲೆ ಕೈ ಹಾಕಿದರೆ ಕೈ ಉಳಿಯುವುದಿಲ್ಲ. ಅಧಿಕಾರಿಯೊಬ್ಬನನ್ನು ‘ದಾಮಿಸಾ’ ಎಂದು ಹಾಡಿದರೆ ಅವನ ವೇಗವನ್ನೋ ಮೈಮೇಲಿನ ಚುಕ್ಕೆಗಳ ಅಂದವನ್ನೋ ಹೊಗಳಿದಂತಲ್ಲ. ಅವನ ಬಳಿ ಸಲುಗೆ ನಡೆಯದು ಎಂಬ ಎಚ್ಚರಿಕೆ ಅದು, ಮತ್ತು ಆ ಎಚ್ಚರಿಕೆ ಯಾರಿಗೋ ತಲುಪಬೇಕಾಗಿರುತ್ತದೆ. ಒಂದೇ ಪದದಲ್ಲಿ ಹೊಗಳಿಕೆ, ಬೆದರಿಕೆ, ಸಾಮಾಜಿಕ ದೂರ ಮೂರೂ ಕೂಡಿವೆ. ಇಷ್ಟು ಬಿಗಿಯಾದ ಬಿರುದು ಯಾವ ಭಾಷೆಗಾದರೂ ಹೆಮ್ಮೆ ತರುವಂಥದ್ದು.

ಸಿಂಹ ‘ಜ಼ಾಕಿ’. ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುವವರು ಇಲ್ಲಿ ಕಣ್ಣಿಟ್ಟು ಬರೆಯಬೇಕು: ‘ಜ಼ಾಕಿ’ ಸಿಂಹ, ‘ಜಾಕಿ’ ಕತ್ತೆ. ಅಕ್ಷರದ ಕೆಳಗಿನ ಚುಕ್ಕೆ ಮರೆತರೆ ಅಮೀರನನ್ನು ಕತ್ತೆ ಮಾಡಿದಂತಾಗುತ್ತದೆ! ಅರಮನೆಯಲ್ಲಿ ‘ಜ಼ಾಕಿ’ ಎಂಬುದು ಹಾಡಿನಾಚೆಗೂ ಬದುಕಿದೆ; ಅಮೀರನೊಂದಿಗೆ ಮಾತನಾಡುವಾಗ ಗೌರವದ ಸಂಬೋಧನೆಯಾಗಿಯೇ ಬಳಕೆಯಲ್ಲಿದೆ. ಹೀಗೆ ದಿನನಿತ್ಯ ಬಳಸುವುದರಿಂದ ಹಾಡಿನಲ್ಲಿ ಬರೀ ‘ಜ಼ಾಕಿ’ ಬಂದರೆ ಹೆಚ್ಚು ಅರ್ಥ ಹಿಂಡಲು ಹೋಗಬೇಡಿ. ಸಿಂಹ ಘರ್ಜಿಸಿದರೆ, ಎದ್ದುನಿಂತರೆ, ಅದಕ್ಕೆ ಎದುರಾಳಿ ಬಂದರೆ ಮಾತ್ರ ಅಲ್ಲಿ ನಿಲ್ಲಿ.

ಆನೆ ‘ಗೀವಾ’. ಹೌಸಾದಲ್ಲಿ ಈ ಪದ ಸ್ತ್ರೀಲಿಂಗ. ಆದ್ದರಿಂದ ದೊರೆಯನ್ನು ಹೊಗಳುವಾಗ ‘ತೋರೊನ್ ಗೀವಾ’, ಗಂಡಾನೆ, ಎನ್ನುತ್ತಾರೆ. ಅಮೀರರ ಬಿರುದುಗಳಲ್ಲಿ ಇದು ಬಲು ಪ್ರಸಿದ್ಧ. ಆನೆಯ ಅರ್ಥ ಸಾವಿನವರೆಗೂ ಚಾಚಿಕೊಂಡಿದೆ: ದೊಡ್ಡ ವ್ಯಕ್ತಿ ತೀರಿಕೊಂಡಾಗ ‘ಗೀವಾ ತಾ ಫಾಡಿ’, ಆನೆ ಬಿದ್ದಿತು, ಎನ್ನುತ್ತಾರೆ. ಹಾಡಿನಲ್ಲಿ ಆನೆ ನಡೆಯುತ್ತಿದೆಯೋ ನಿಂತಿದೆಯೋ ಬಿದ್ದಿದೆಯೋ ಎಂಬುದನ್ನು ಬರೆದಿಟ್ಟುಕೊಳ್ಳಿ. ಬಿದ್ದ ಆನೆ ಬಂದರೆ ಹಾಡು ಗತಿಸಿದವರ ನೆನಪಿನತ್ತಲೋ ಪಟ್ಟದ ಬದಲಾವಣೆಯತ್ತಲೋ ತಿರುಗಿದೆ ಎಂದು ಊಹಿಸಬಹುದು.

ಕಾಡೆಮ್ಮೆ ‘ಬೌನಾ’, ಅದರ ಹಳೆಯ ಗಂಡು ‘ಕುತುಂಕು’. ‘ಕುತುಂಕುನ್ ಬೌನಾ’ ಎಂಬ ಬಿರುದು ಹಿಂದೆಗೆಯದ ಹಟಮಾರಿ ಧೀರರಿಗೆ, ಇತ್ತೀಚೆಗೆ ರಾಜಕಾರಣಿಗಳಿಗೂ ಸಲ್ಲುತ್ತದೆ. ಕುದುರೆ ‘ದೋಕಿ’, ಅದರಲ್ಲಿ ದೊಡ್ಡ ಗಂಡು ‘ಇಂಗರ್ಮಾ’. ನರಿ ಜಾತಿಯ ‘ದಿಲಾ’ ಜಾಣತನದ ಅರಸು. ಅಡಗೂಲಜ್ಜಿಯ ಕಥೆಗಳಲ್ಲಿ ಅದು ಹೆಚ್ಚು, ಅರಮನೆಯ ಹಾಡಿನಲ್ಲಿ ಕಡಿಮೆ. ಕಾಗೆ ಜಾತಿಯ ‘ಹಂಕಾಕಾ’ಗೆ ಒಂದು ಸೊಗಸಾದ ಬಿರುದಿದೆ: ಬೇರೆಯವರ ಮಗುವನ್ನು ನಿನ್ನದಾಗಿಸಿಕೊಳ್ಳುವವಳೇ! ಆಶ್ರಿತರನ್ನು ಮನೆಯ ಮಕ್ಕಳಂತೆ ಸಾಕುವವರ ಬಗ್ಗೆ ಇದು ಹೊಂದುತ್ತದೆ. ಹೊಂಚುಹಾಕಿ ಕಸಿಯುವವರ ಬಗ್ಗೆಯೂ ಹೊಂದುತ್ತದೆ. ಯಾವುದೆಂದು ಸಂದರ್ಭವೇ ಹೇಳಬೇಕು.

‘ಕೂರಾ’, ಅಂದರೆ ಕತ್ತೆಕಿರುಬದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕಥೆಗಳಲ್ಲಿ ಅದು ಹೊಟ್ಟೆಬಾಕ, ದಡ್ಡ. ‘ಕೂರಾ ದಾ ಫಾತರ್ ಅಕೂಯಾ’, ಮೇಕೆಯ ಚರ್ಮ ಹೊದ್ದ ಕತ್ತೆಕಿರುಬ ಎಂಬ ಮಾತು ಕಪಟಿಗಳಿಗೆ ಮೀಸಲು. ಆದರೆ ಅದೇ ಕತ್ತೆಕಿರುಬದ ಬಾಯಿಗೆ ಕುಕ್ಕೆ ಹಾಕಿ, ಸರಪಣಿ ಹಿಡಿದು ಊರೂರು ತಿರುಗಿ ಆಟ ತೋರಿಸುವ ‘ಗರ್ದಾವಾ’ ಎಂಬ ಜನರೂ ಇದ್ದಾರೆ. ಅವರ ಬಾಯಲ್ಲಿ ಅದು ಹೀನ ಪ್ರಾಣಿಯಲ್ಲ, ತಮ್ಮ ಮದ್ದು ಮಂತ್ರಗಳ ಶಕ್ತಿಗೆ ಸಾಕ್ಷಿ. ಯಾವ ಪ್ರಾಣಿಯನ್ನೂ ‘ಒಳ್ಳೆಯದು’, ‘ಕೆಟ್ಟದ್ದು’ ಎಂದು ಎರಡು ಪಟ್ಟಿಗಳಲ್ಲಿ ಹಾಕಿ ಮುಗಿಸಲಾಗದು ಎಂಬುದಕ್ಕೆ ಇದು ಸಾಕು.

ಐದನೆಯ ಹೆಜ್ಜೆ: ಮನುಷ್ಯ ಪ್ರಾಣಿಯ ಯಾವ ಕಡೆ ನಿಂತಿದ್ದಾನೆ?

ಹೊಗಳಿಸಿಕೊಳ್ಳುವವನು ಯಾವಾಗಲೂ ಪ್ರಾಣಿಯೇ ಆಗಿರಬೇಕಿಲ್ಲ. ಅವನೇ ಪ್ರಾಣಿಯಾಗಿರಬಹುದು. ಪ್ರಾಣಿಯನ್ನು ಕೊಂದವನಾಗಿರಬಹುದು. ಅದರ ಮೇಲೆ ಕೂತವನೋ ಅದನ್ನು ತೊಟ್ಟವನೋ ಆಗಿರಬಹುದು.

ಕೊಂದವನ ಹೊಗಳಿಕೆಗೆ ಹೌಸಾ ನಾಡಿನ ಮೂಲಕಥೆಯೇ ಆಧಾರ. ದೌರಾ ಪಟ್ಟಣದ ಕುಸುಗು ಬಾವಿಯಲ್ಲಿ ಸರ್ಕಿ ಎಂಬ ಹಾವು ಇತ್ತು. ವಾರಕ್ಕೊಮ್ಮೆ, ಶುಕ್ರವಾರ ಮಾತ್ರ ಜನರಿಗೆ ನೀರು ಬಿಡುತ್ತಿತ್ತು. ಬಯಾಜಿದ್ದಾ ಎಂಬ ಪರದೇಶಿ ಅದರ ತಲೆ ಕತ್ತರಿಸಿ, ಊರಿನ ರಾಣಿಯನ್ನು ಮದುವೆಯಾದ; ಅವನ ಸಂತತಿಯೇ ಏಳು ಹೌಸಾ ರಾಜ್ಯಗಳನ್ನು ಕಟ್ಟಿತು ಎಂಬುದು ಐತಿಹ್ಯ. ‘ಸರ್ಕಿ’ ಎಂದರೆ ಹೌಸಾದಲ್ಲಿ ಅರಸ. ಹಾವು ಕೊಂದವನೇ ಅರಸನಾದ ಈ ಕಥೆ ಬೆನ್ನಿಗಿರುವುದರಿಂದ, ಹಾಡಿನಲ್ಲಿ ಹಾವು ಬಂದಾಗ ಅದು ವಿಷದ ಜೊತೆಗೆ ಅಧಿಕಾರವನ್ನೂ ಸೂಚಿಸಬಹುದು. ಬೇಟೆಗಾರರ ಹಾಡುಗಳಲ್ಲೂ ಕೊಂದವನೇ ನಾಯಕ. ಅಲ್ಲಿ ಪ್ರಾಣಿಯನ್ನು ಹೊಗಳಿದಷ್ಟೂ ಬೇಟೆಗಾರ ದೊಡ್ಡವನಾಗುತ್ತಾನೆ, ಆದ್ದರಿಂದ ಸತ್ತ ಪ್ರಾಣಿಯ ಬಿರುದುಗಳು ಉದ್ದವಾಗಿದ್ದರೆ ಅಚ್ಚರಿ ಬೇಡ.

ತೊಟ್ಟವನಿಗೆ ಉದಾಹರಣೆ ಉಷ್ಟ್ರಪಕ್ಷಿ, ‘ಜಿಮಿನಾ’. 1463ರಿಂದ 1499ರವರೆಗೆ ಕಾನೊವನ್ನು ಆಳಿದ ಮುಹಮ್ಮದು ರುಂಫಾ ಈ ಹಕ್ಕಿಯ ಗರಿಯ ಬೀಸಣಿಗೆ, ಗರಿಯ ಪಾದರಕ್ಷೆ, ಉದ್ದನೆಯ ‘ಕಾಕಾಕಿ’ ಕಹಳೆ ಇವನ್ನೆಲ್ಲ ರಾಜಲಾಂಛನವಾಗಿ ಬಳಕೆಗೆ ತಂದನೆಂದು ಕಾನೊದ ಹಳೆಯ ಇತಿವೃತ್ತ ಹೇಳುತ್ತದೆ. ಕಾನೊ ಅಮೀರನ ವೇಷದಲ್ಲಿ ಆ ಗರಿ ಇಂದಿಗೂ ಇದೆ. ಕಾನೊ ಹಾಡಿನಲ್ಲಿ ಜಿಮಿನಾ ಕೇಳಿದರೆ ಮೊದಲು ಅಮೀರನ ಕಾಲ ಬುಡಕ್ಕೆ ನೋಡಿ, ಆಮೇಲೆ ಹಕ್ಕಿಯ ಗುಣಗಳ ಬಗ್ಗೆ ಯೋಚಿಸಿ.

ಆರನೆಯ ಹೆಜ್ಜೆ: ಎರಡನೆಯ ಪ್ರಾಣಿಯನ್ನು ಹಿಡಿಯಿರಿ

ಈಗ ಮುಖ್ಯ ಕೆಲಸ. ಅಭ್ಯಾಸಕ್ಕೆಂದು ಹೌಸಾ ಹೊಗಳಿಕೆಯ ಧಾಟಿಯನ್ನು ಅನುಸರಿಸಿ ನಾನೇ ಕಟ್ಟಿದ ನಾಲ್ಕು ಸಾಲುಗಳು ಇಲ್ಲಿವೆ:

ಗಂಡಾನೆಯೇ, ನೀನು ನಡೆದದ್ದೇ ದಾರಿ,
ಪೊದೆಗಳು ಕೇಳದೆಯೇ ಬಾಗುತ್ತವೆ.
ಅಂದು ಜಿಂಕೆ ಓಡಿತು, ಇಂದು ಅದರ ಮರಿ ಓಡುತ್ತಿದೆ.
ಮಾಂಸದ ಬಳಿ ಕುಳಿತವನೇ, ಎದ್ದೇಳು, ಬೆಳಗಾಯಿತು.

ಮೊದಲೆರಡು ಸಾಲು ಸುಲಭ: ಆನೆ ಅಮೀರ, ಬಾಗುವ ಪೊದೆಗಳು ಅವನ ಕೈಕೆಳಗಿನ ಸಣ್ಣ ಒಡೆಯರು. ಮೂರನೆಯ ಸಾಲಿನಲ್ಲಿ ಪ್ರಾಣಿ ಥಟ್ಟನೆ ಬದಲಾಯಿತು. ಆನೆಯನ್ನು ಬಿಟ್ಟು ಜಿಂಕೆಗೆ ಏಕೆ ಹಾರಬೇಕು? ಹೌಸಾದಲ್ಲಿ ಎಲ್ಲರ ಬಾಯಲ್ಲಿರುವ ಗಾದೆಯೊಂದಿದೆ: ‘ಬರೇವಾ ಬಾ ತಾ ಗುದು ಡಂತಾ ಯಾ ಯಿ ರರ್ರಾಫೆ’. ಜಿಂಕೆ ಓಡುವಾಗ ಅದರ ಮರಿ ತೆವಳುವುದಿಲ್ಲ ಎಂದರ್ಥ. ಅಂದರೆ ಸಾಲು ಹೇಳುತ್ತಿರುವುದು ವೇಗವನ್ನಲ್ಲ, ರಕ್ತವನ್ನು: ಈತ ತಂದೆಗೆ ತಕ್ಕ ಮಗ. ಹಾಗೆ ಒತ್ತಿ ಹೇಳುವ ಅಗತ್ಯವೇಕೆ ಬಿತ್ತು? ಯಾರೋ ಅವನ ಹಕ್ಕನ್ನು ಪ್ರಶ್ನಿಸಿದ್ದಾರೆ. ಯಾರು ಎಂಬುದಕ್ಕೆ ನಾಲ್ಕನೆಯ ಸಾಲಿನಲ್ಲಿ ಸುಳಿವಿದೆ. ಹೆಸರಿಲ್ಲ, ಪ್ರಾಣಿಯ ಹೆಸರೂ ಇಲ್ಲ. ರಾತ್ರಿಯೆಲ್ಲ ಮಾಂಸದ ಬಳಿ ಕುಳಿತು, ಬೆಳಗಾದರೆ ಓಡಬೇಕಾದದ್ದು ಕತ್ತೆಕಿರುಬ. ಇದು ಹಬೈಚಿ.

ಈಗ ಇದನ್ನು ಒಂದು ನಿಜವಾದ ಹಿನ್ನೆಲೆಯಲ್ಲಿ ಇಟ್ಟು ನೋಡಿ. ಝಾರಿಯಾದಲ್ಲಿ ಮಲ್ಲಾವಾ, ಬೊರ್ನಾವಾ, ಕಾಟ್ಸಿನಾವಾ, ಸುಲ್ಲುಬಾವಾ ಎಂಬ ನಾಲ್ಕು ಅರಸು ಮನೆತನಗಳಿವೆ. ಪಟ್ಟ ಯಾವ ಮನೆಗೆ ಹೋಗುತ್ತದೆಂಬುದು ಪ್ರತಿ ಸಲವೂ ಪೈಪೋಟಿಯ ವಿಷಯ. ಇಂಥ ಕಡೆ ಗೆದ್ದವನನ್ನು ಜಿಂಕೆಯ ಮರಿ ಎಂದ ಕ್ಷಣವೇ ಸೋತ ಮನೆಗಳವರು ಮಾಂಸದ ಬಳಿ ಕುಳಿತವರಾಗುತ್ತಾರೆ. ಹೊಗಳಿಕೆ ಒಬ್ಬನಿಗೆ, ಪೆಟ್ಟು ಮೂವರಿಗೆ. ಹಾಡುಗಾರ ಮಾತ್ರ ಯಾರನ್ನೂ ಹೆಸರಿಸಲಿಲ್ಲ, ಹಾಗಾಗಿ ಯಾರೂ ಅವನನ್ನು ಹಿಡಿದು ಕೇಳುವಂತಿಲ್ಲ.

ನಿಜವಾದ ಹಾಡು ಸಿಕ್ಕಾಗ ಇದೇ ಕ್ರಮದಲ್ಲಿ ಮುಂದುವರಿಯಿರಿ. ಪ್ರಾಣಿ ಬದಲಾದ ಜಾಗದಲ್ಲಿ ನಿಲ್ಲಿ. ಹೊಸ ಪ್ರಾಣಿ ಯಾವ ಗಾದೆಯಿಂದ ಬಂತೆಂದು ನೋಡಿ. ಹೆಸರಿಲ್ಲದ ಕ್ರಿಯಾಪದ ಸಿಕ್ಕರೆ, ಅಂದರೆ ಯಾರೋ ಮೊರೆಯುತ್ತಿದ್ದಾರೆ, ನಗುತ್ತಿದ್ದಾರೆ, ಮರದಿಂದ ಮರಕ್ಕೆ ಹಾರುತ್ತಿದ್ದಾರೆ ಎಂದಿದ್ದರೆ, ಅದು ಯಾವ ಪ್ರಾಣಿಯ ಕೆಲಸ ಎಂದು ಕೇಳಿ. ಎರಡನೆಯ ಪ್ರಾಣಿ ಸಾಮಾನ್ಯವಾಗಿ ಕ್ರಿಯಾಪದದಲ್ಲೇ ಅಡಗಿರುತ್ತದೆ.

ಬರೇವಾ, ಅಂದರೆ ಜಿಂಕೆಯ ಬಗ್ಗೆ ಇನ್ನೊಂದು ಮಾತು. 1921ರಲ್ಲಿ ಕಾಟ್ಸಿನಾ ಕಾಲೇಜೆಂದು ಆರಂಭವಾಗಿ ಮುಂದೆ ಝಾರಿಯಾಕ್ಕೆ ಬಂದ ಪ್ರಸಿದ್ಧ ಶಾಲೆಯ ಹೆಸರು ಬರೇವಾ ಕಾಲೇಜು. ನೈಜೀರಿಯಾದ ಮೊದಲ ಪ್ರಧಾನಿ ಅಬೂಬಕರ್ ತಫಾವಾ ಬಲೇವಾ, ಮುಂದೆ ದೇಶ ಆಳಿದ ಯಾಕೂಬು ಗೊವೊನ್, ಶೆಹು ಶಗಾರಿ ಮೊದಲಾದವರು ಅಲ್ಲಿ ಓದಿದವರು. ಆ ತಲೆಮಾರಿನ ಗಣ್ಯರ ಬಗ್ಗೆ ಇರುವ ಹಾಡಿನಲ್ಲಿ ಜಿಂಕೆ ಬಂದರೆ ಶಾಲೆಯ ನೆನಪೂ ಇದೆಯೇ ಎಂದು ಪರಿಶೀಲಿಸಿ.

ಏಳನೆಯ ಹೆಜ್ಜೆ: ಅರ್ಧಕ್ಕೆ ನಿಂತ ಗಾದೆಗಳು

ಗಾದೆಗೆ ಹೌಸಾದಲ್ಲಿ ‘ಕರಿನ್ ಮಗಾನಾ’ ಎನ್ನುತ್ತಾರೆ. ಹಾಡುಗಾರ ಅದನ್ನು ಪೂರ್ತಿ ಹೇಳುವುದಿಲ್ಲ, ಅರ್ಧ ಹೇಳಿ ಬಿಡುತ್ತಾನೆ. ಉಳಿದರ್ಧ ಕೇಳುಗರ ಪಾಲಿಗೆ. ಆದ್ದರಿಂದ ಹಾಡಿಗೆ ಇಳಿಯುವ ಮೊದಲು ಪ್ರಾಣಿಗಳಿರುವ ಒಂದಷ್ಟು ಗಾದೆಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಪ್ರತಿ ಹಕ್ಕಿಯೂ ತನ್ನ ಮನೆಯ ಕೂಗನ್ನೇ ಕೂಗುತ್ತದೆ. ಮೊಲಕ್ಕೆ ಕೊಂದವನ ಮೇಲೆ ಕೋಪವಿಲ್ಲ, ಹೆಗಲಿಗೆ ನೇತುಹಾಕಿಕೊಂಡವನ ಮೇಲೆ ಕೋಪ. ಕೋತಿ ಮನುಷ್ಯನನ್ನು ಹೋಲಿತು (ಅನುಮಾನಕ್ಕೆ ಆಧಾರವಿದೆ ಎಂಬ ಅರ್ಥದಲ್ಲಿ). ರಣಹದ್ದು ತನ್ನ ಹುಣಸೆಮರದ ಮನೆಗೆ ಮರಳಿತು. ಮೂಗುದಾರ ಹಿಡಿದವನ ಹಿಂದೆ ಹೋಗುವ ಒಂಟೆ. ಮೊಲದ ಗಾದೆ ನನಗೆ ಬಲು ಇಷ್ಟ. ಸೋಲಿಸಿದ ಬಲಶಾಲಿಗಿಂತ ಆ ಸೋಲನ್ನು ಹೊತ್ತು ಮೆರೆಯುವ ಹಿಂಬಾಲಕನೇ ಹೆಚ್ಚು ನೋಯಿಸುತ್ತಾನೆ ಎಂಬ ಸತ್ಯವನ್ನು ಅದು ಹೇಳುತ್ತದೆ, ಮತ್ತು ಅರಮನೆ ರಾಜಕೀಯದಲ್ಲಿ ಅಂಥ ಹಿಂಬಾಲಕರಿಗೆ ಎಂದೂ ಕೊರತೆಯಿಲ್ಲ.

ಎಂಟನೆಯ ಹೆಜ್ಜೆ: ವಾದ್ಯ ಹೇಳುವುದನ್ನೂ ಕೇಳಿ

ಹೌಸಾ ಸ್ವರಭಾರವುಳ್ಳ ಭಾಷೆ. ಒಂದೇ ಪದ ದನಿಯ ಏರಿಳಿತದಿಂದ ಬೇರೆ ಅರ್ಥ ಪಡೆಯಬಹುದು. ಈ ಏರಿಳಿತವನ್ನು, ಸ್ವರಗಳ ಹ್ರಸ್ವ ದೀರ್ಘಗಳನ್ನು ವಾದ್ಯಗಳು ಅನುಕರಿಸುತ್ತವೆ. ಕಲಂಗುವಿನ ಹುರಿಗಳನ್ನು ತೋಳಿನಿಂದ ಒತ್ತಿದರೆ ದನಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಅರಮನೆಗೆ ಸೇರಿದ ‘ಕೋತ್ಸೊ’ ಒಂದೇ ಮುಖದ ಡೋಲು. ಮೂರು ನಾಲ್ಕು ಮೀಟರ್ ಉದ್ದದ ಕಾಕಾಕಿ ಕಹಳೆ, ನಮ್ಮ ಮುಖವೀಣೆಯ ಜಾತಿಗೆ ನೆರೆಯಾದ ‘ಅಲ್ಗೈತಾ’ ಇವೂ ಬಿರುದುಗಳನ್ನು ನುಡಿಯಬಲ್ಲವು. ಬಾಯಿ ಒಂದು ಪ್ರಾಣಿಯನ್ನು ಹೇಳುತ್ತಿರುವಾಗ ಡೋಲು ಇನ್ನೊಂದನ್ನು ಹೇಳುತ್ತಿರಬಹುದು! ಕಿವಿ ಪಳಗದವರಿಗೆ ಇದು ಸುಲಭವಲ್ಲ. ಹಾಡು ನಿಂತು ಡೋಲು ಮಾತ್ರ ಒಂದೇ ನುಡಿಯನ್ನು ಮರಳಿ ಮರಳಿ ಹೊಡೆಯುವ ಜಾಗಗಳನ್ನು ಸಮಯದೊಂದಿಗೆ ಗುರುತು ಹಾಕಿಕೊಳ್ಳುವುದು ಆರಂಭಕ್ಕೆ ಸಾಕು. ಅದು ಬಹುಶಃ ಪೋಷಕನ ತಾಕೆ.

ಒಂಬತ್ತನೆಯ ಹೆಜ್ಜೆ: ಹಣದ ಮಾತನ್ನು ತಪ್ಪಿಸಬೇಡಿ

ಹಾಡಿಗೆ ಪ್ರತಿಯಾಗಿ ನಿಲುವಂಗಿ, ಹಣ, ಕೆಲವೊಮ್ಮೆ ಕುದುರೆಯೇ ಸಿಗುತ್ತಿತ್ತು. ಕೊಡದೆ ಕೈ ಬಿಗಿಹಿಡಿದವನ ಪಾಲಿಗೆ ಜ಼ಾಂಬೊ ಕಾದಿರುತ್ತಿತ್ತು. ಇದನ್ನು ಕೇಳಿದೊಡನೆ ‘ಹೊಗಳುಭಟರು’ ಎಂದು ಕೈ ಝಾಡಿಸಿಬಿಡುವುದು ಅನ್ಯಾಯ. ಹುಟ್ಟಿನ ಲೆಕ್ಕದಲ್ಲಿ ಮರೋಕಿಗೆ ಸಮಾಜದಲ್ಲಿ ಕೆಳಗಿನ ಸ್ಥಾನ; ಆದರೆ ಬಿರುದು ಕೊಡುವ, ಕಸಿಯುವ ಅಧಿಕಾರ ಅವನ ನಾಲಗೆಯಲ್ಲಿದೆ. ತುಂಬಿದ ಸಭೆಯಲ್ಲಿ ಒಬ್ಬನನ್ನು ಆನೆ ಎಂದು ಕರೆದ ಮೇಲೆ ಅವನು ಆನೆಯಷ್ಟೇ ಕೊಡಬೇಕು, ಆನೆಯಂತೆಯೇ ತಾಳಬೇಕು. ಸಣ್ಣತನ ತೋರಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಪ್ರಾಣಿಯ ಬಿರುದು ಪೋಷಕನ ಕೊರಳಿಗೆ ಬಿದ್ದ ಹಾರವೂ ಹೌದು, ಹೊರೆಯೂ ಹೌದು. ಹಾಡಿನಲ್ಲಿ ಉಡುಗೊರೆಯ ಪ್ರಸ್ತಾಪ ಎಲ್ಲಿ ಬರುತ್ತದೆ, ಅದರ ಹಿಂದಿನ ಸಾಲಿನಲ್ಲಿ ಯಾವ ಪ್ರಾಣಿ ಇತ್ತು ಎಂದು ನೋಡಿದರೆ ಈ ಹೊರೆ ಕಣ್ಣಿಗೆ ಬೀಳುತ್ತದೆ.

ಹತ್ತನೆಯ ಹೆಜ್ಜೆ: ಬರೆದಿಡುವುದು ಮತ್ತು ಕೇಳಿ ತಿಳಿಯುವುದು

ಒಂದು ಹಾಡಿಗೆ ಒಂದು ಹಾಳೆ ಇಡಿ. ಮೇಲೆ ಹಾಡುಗಾರ, ಪೋಷಕ, ಊರು, ವಾದ್ಯ. ಕೆಳಗೆ ಪ್ರಾಣಿ ಬರುವ ಸಾಲು, ಅದರ ಬಿರುದು, ಅದು ಮಾಡುತ್ತಿರುವ ಕೆಲಸ, ಎದುರಿಗಿರುವ ಪ್ರಾಣಿ. ಎದುರಿನ ಪ್ರಾಣಿ ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ.

ಹೌಸಾವನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಬಿ, ಡಿ, ಕೆ ಅಕ್ಷರಗಳಿಗೆ ಕೊಕ್ಕೆ ಹಾಕಿದ ರೂಪಗಳಿವೆ, ಅವುಗಳ ಉಚ್ಚಾರವೇ ಬೇರೆ. ಅಂತರ್ಜಾಲದಲ್ಲಿ ಹಲವರು ಕೊಕ್ಕೆ ಬಿಟ್ಟೇ ಬರೆಯುತ್ತಾರೆ. ಹಾಡು ಹುಡುಕುವಾಗ ಎರಡೂ ಬಗೆಯಲ್ಲಿ ಹುಡುಕಿ. ಇಂದಿನ ಚುನಾವಣಾ ಹಾಡುಗಳನ್ನೂ ಕೇಳಿ. ಹಾಡುಗಾರ ದೌದಾ ಕಾಹುಟು ರರಾರಾ ಅವರು ನೈಜೀರಿಯಾದ ಅಧ್ಯಕ್ಷರಾಗಿದ್ದ ಮುಹಮ್ಮದು ಬುಹಾರಿ ಅವರ ಪರವಾಗಿ ಹಾಡಿದ ಹಾಡುಗಳು ದೇಶದಾದ್ಯಂತ ಕೇಳಿಬಂದವು. ಕೀಬೋರ್ಡ್ ಬಂದಿದ್ದರೂ ಹೊಗಳಿಕೆ ಮತ್ತು ಚುಚ್ಚುಮಾತನ್ನು ಒಟ್ಟಿಗೆ ಹೆಣೆಯುವ ಹಳೆಯ ಕಲೆ ಅಂಥ ಹಾಡುಗಳಲ್ಲಿ ಮುಂದುವರಿದಿದೆ.

ಹೌಸಾ ಮಾತನಾಡುವವರು ಪರಿಚಯವಿದ್ದರೆ ಅವರನ್ನು ‘ಈ ಪ್ರಾಣಿಯ ಅರ್ಥವೇನು?’ ಎಂದು ಕೇಳಬೇಡಿ. ‘ಸಿಂಹ ಎಂದರೆ ಧೈರ್ಯ’ ಎಂಬ ಪಠ್ಯಪುಸ್ತಕದ ಉತ್ತರವೇ ಸಿಗುತ್ತದೆ. ಆ ಸಾಲನ್ನು ಅವರಿಗೆ ಕೇಳಿಸಿ, ‘ಇದನ್ನು ಕೇಳಿದರೆ ಯಾರಿಗೆ ಕೋಪ ಬರುತ್ತದೆ?’ ಎಂದು ಕೇಳಿ. ಹಿರಿಯರಾಗಿದ್ದರೆ ಹಾಡಿನ ಕಾಲದ ಜಗಳಗಳನ್ನು, ಪಟ್ಟದ ಪೈಪೋಟಿಗಳನ್ನು, ಯಾವ ಮನೆಯವರು ಯಾವ ಹಾಡುಗಾರನಿಗೆ ಏನು ಕೊಟ್ಟರು ಎಂಬುದನ್ನು ಹೇಳತೊಡಗುತ್ತಾರೆ. ಖಾಲಿ ಬಿಟ್ಟ ಜಾಗಗಳನ್ನು ಆಗ ತುಂಬಿಕೊಳ್ಳಿ.